ಮರದಿಂದ ಬಿದ್ದವರ ಬೆನ್ನು ಮತ್ತು ಸ್ಕ್ರೂ ಎಂಬ ಹೆದರಿಕೆ

ಮಾನ್ಯ ಸಂಪಾದಕರೇ,

ಹುಣಸೆಹಣ್ಣು ಬಡಿಯುವ ಕಾಲ ಮುಗಿಯುತ್ತಾ ಬಂದಿದೆ. ಹದಿನೈದು ದಿನಗಳ ಹಿಂದೆ ನಮ್ಮ ಪಕ್ಕದ ಊರಿನ ಯುವಕನೊಬ್ಬ ಕೊಂಬೆ ಮುರಿದು ಹುಣಸೆಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ. ಸ್ಕ್ರೂ ಹಾಕಿ ಆಪರೇಷನ್ ಮಾಡಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ ಸಂಜೆಯೇ ಮನೆಯವರು ‘ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತೇವೆ’ ಎಂದು ಬರೆದುಕೊಟ್ಟು ಅವನನ್ನು ಊರಿಗೆ ತಂದಿದ್ದಾರೆ. ಬೆನ್ನಿಗೆ ಸ್ಕ್ರೂ ಹಾಕಿಸಿಕೊಂಡವರು ಮತ್ತೆ ಏಳುವುದಿಲ್ಲ ಎಂಬುದು ಅವರ ಭಯ. ಆ ಮನೆಯಲ್ಲಿ ಎರಡು ಗಂಟೆ ಕುಳಿತು ಮಾತಾಡಿ ಬಂದ ಮೇಲೆ, ಈ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ತುಮಕೂರು ಜಿಲ್ಲೆಯ ಓದುಗರ ಮುಂದೆ ಇಡಬೇಕೆನ್ನಿಸಿತು. ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ 31 ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು. ಆದರೆ ಇದೇ ಭಯದಿಂದ ನಮ್ಮ ಮನೆಯ ಹುಡುಗನ ವಿಷಯದಲ್ಲಿ ಒಂದೂವರೆ ದಿನ ಹಾಳುಮಾಡಿದವರಲ್ಲಿ ನಾನೂ ಒಬ್ಬ.

ಇದು ನಾಲ್ಕು ವರ್ಷದ ಹಿಂದಿನ ಮಾತು. ನನ್ನ ತಂಗಿಯ ಮಗ, ಆಗ ಮೂವತ್ತೆರಡರ ಪ್ರಾಯ, ಕಪ್ಪುತಲೆ ಹುಳು ತಿಂದು ಸುಟ್ಟಂತಾಗಿದ್ದ ಗರಿಗಳನ್ನು ಕಡಿದು ಹಾಕಲು ತೋಟದ ತೆಂಗಿನಮರ ಹತ್ತಿದ್ದ. ಹಿಡಿದುಕೊಂಡಿದ್ದ ಗರಿಯೇ ಬುಡಸಮೇತ ಕಿತ್ತುಬಂತು. ಮರ ಬಹಳ ಎತ್ತರದ್ದಲ್ಲ, ಇಪ್ಪತ್ತೈದು ಅಡಿ ಇದ್ದೀತು. ಬದುವಿನ ಮೇಲೆ ಕುಕ್ಕರಿಸಿದಂತೆ ಬಿದ್ದ. ಕೂಗು ಕೇಳಿ ಓಡಿಬಂದ ನಾಲ್ವರು, ಒಳ್ಳೆಯ ಮನಸ್ಸಿನಿಂದಲೇ, ಇಬ್ಬರು ಕಂಕುಳಿಗೆ ಕೈಕೊಟ್ಟು ಇಬ್ಬರು ಕಾಲು ಹಿಡಿದು ಎತ್ತಿ, ಆಟೊದ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಕೊರಕಲು ಬಿದ್ದ ತೋಟದ ದಾರಿಯಲ್ಲಿ ಕರೆತಂದರು. ಮನೆಯ ಮುಂದೆ ಆಟೊ ನಿಂತಾಗ ಅವನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಮಾವ, ಕಾಲು ಜೋಮು ಹಿಡ್ದಂಗೈತೆ. ಮರದ ಬುಡ್ದಲ್ಲಿ ಹಿಂಗಿರ್ಲಿಲ್ಲ.”

ಈ ಕೊನೆಯ ಮಾತಿನ ಅರ್ಥ ನನಗೆ ಹೊಳೆಯಲು ಎರಡು ದಿನ ಬೇಕಾಯಿತು. ನಮ್ಮ ಬೆನ್ನಿನಲ್ಲಿ 33 ಮಣಿಮೂಳೆಗಳಿವೆ. ಕುತ್ತಿಗೆಯ 7, ಎದೆಯ ಹಿಂಭಾಗದ 12, ಸೊಂಟದ 5 ಬಿಡಿಬಿಡಿಯಾಗಿದ್ದು, ಕೆಳಗಿನವು ಒಂದಕ್ಕೊಂದು ಬೆಸೆದುಕೊಂಡಿವೆ. ಎದೆಯ ಮಣಿಗಳನ್ನು ಪಕ್ಕೆಲುಬಿನ ಗೂಡು ಬಿಗಿಯಾಗಿ ಹಿಡಿದಿರುತ್ತದೆ, ಸೊಂಟದವು ಬಾಗಿ ಬಳುಕುತ್ತವೆ. ಬಿಗಿಯಾದದ್ದು ಮುಗಿದು ಸಡಿಲವಾದದ್ದು ಆರಂಭವಾಗುವ ಸಂಧಿಯಲ್ಲಿ, ಅಂದರೆ ಎದೆಯ ಹನ್ನೆರಡನೆಯ ಮಣಿ ಮತ್ತು ಸೊಂಟದ ಮೊದಲನೆಯ ಮಣಿಯ ಆಸುಪಾಸಿನಲ್ಲಿ, ಬಿದ್ದ ಪೆಟ್ಟೆಲ್ಲ ಬಂದು ಸೇರುತ್ತದೆ. ಕುಂಡೆಯ ಮೇಲೋ ಹಿಮ್ಮಡಿಯ ಮೇಲೋ ಬಿದ್ದಾಗ ಆ ಮಣಿ ಮೇಲಿಂದ ಒತ್ತಿದ ಮಣ್ಣಿನ ಕುಡಿಕೆಯಂತೆ ಒಡೆಯುತ್ತದೆ, ಮತ್ತು ಒಡೆದ ಚೂರೊಂದು ಹಿಂದಕ್ಕೆ, ನರಗಳಿರುವ ಕೊಳವೆಯೊಳಕ್ಕೆ ನುಗ್ಗಬಹುದು. ಬೆನ್ನುಹುರಿ ಮುಗಿಯುವುದೂ ಸರಿಸುಮಾರು ಅಲ್ಲಿಯೇ, ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಮಟ್ಟದಲ್ಲಿ. ಅಲ್ಲಿಂದ ಕೆಳಗೆ ಕುದುರೆಯ ಬಾಲದಂತೆ ನರಗಳ ಎಳೆಗಳು ಇಳಿಯುತ್ತವೆ. ಕಾಲಿನ ಬಲ, ಮೂತ್ರ ಮತ್ತು ಮಲದ ಹಿಡಿತ ಎಲ್ಲವೂ ಆ ಹೆಬ್ಬೆರಳಗಲದ ದಾರಿಯಲ್ಲಿ ಹಾದುಹೋಗುತ್ತವೆ. ಮುರಿದ ಬೆನ್ನಿನವನನ್ನು ಎತ್ತಿ ಕೂರಿಸಿದಾಗ ಬೆನ್ನು ಮುಂದಕ್ಕೆ ಮಡಚಿ ಮೂಳೆಯ ಚೂರು ಮತ್ತಷ್ಟು ಒಳಕ್ಕೆ ಸರಿಯುತ್ತದೆ. ಮರದ ಬುಡದಲ್ಲಿ ಇಲ್ಲದ ಜೋಮು ಆಟೊದಲ್ಲಿ ಬಂದದ್ದು ಹೀಗೆ. (ಇನ್ನೊಂದು ಮಾತು: ಎತ್ತರದಿಂದ ಬಿದ್ದು ಹಿಮ್ಮಡಿ ಮುರಿದುಕೊಂಡವರು ಪಾದಕ್ಕೆ ಕಟ್ಟು ಹಾಕಿಸಿ ಸುಮ್ಮನಾಗದೆ, ಬೆನ್ನನ್ನೂ ಕಡ್ಡಾಯವಾಗಿ ತೋರಿಸಬೇಕು, ಎರಡೂ ಒಟ್ಟಿಗೆ ಮುರಿಯುವುದು ಅಪರೂಪವಲ್ಲ.)

ತಾಲ್ಲೂಕು ಆಸ್ಪತ್ರೆಯ ವೈದ್ಯರು ಎಕ್ಸ್‌ರೇ ನೋಡಿ, ಮೂತ್ರ ಕಟ್ಟಿಕೊಂಡಿದ್ದರಿಂದ ಕ್ಯಾತಿಟರ್ ಹಾಕಿ, ಅಲುಗದಂತೆ ಮಲಗಿಸಿ, 108ರಲ್ಲಿ ಬಿ.ಎಚ್. ರಸ್ತೆಯ ಮೇಲೆ ತುಮಕೂರಿಗೆ ಕಳುಹಿಸಿಕೊಟ್ಟರು. ಅಲ್ಲಿ ಸಿ.ಟಿ. ಸ್ಕ್ಯಾನ್, ಎಂ.ಆರ್.ಐ. ಆದವು. ಸೊಂಟದ ಮೊದಲ ಮಣಿ ಒಡೆದು ನರದ ಕೊಳವೆಯನ್ನು ಅರ್ಧಕ್ಕೂ ಹೆಚ್ಚು ಮುಚ್ಚಿತ್ತು. ಆದಷ್ಟು ಬೇಗ ಸ್ಕ್ರೂ ಮತ್ತು ರಾಡ್ ಹಾಕಿ, ಒತ್ತಡ ತೆಗೆಯಬೇಕು ಎಂದರು. ಶುಶ್ರೂಷಕಿಯೊಬ್ಬರು ನಾಲ್ಕು ಪುಟದ ಒಪ್ಪಿಗೆ ಪತ್ರ ತಂದು ತಂಗಿಯ ಮುಂದೆ ಹಿಡಿದರು. ಪೂರ್ತಿ ಇಂಗ್ಲಿಷಿನಲ್ಲಿತ್ತು. ತಂಗಿಗೆ ಅರ್ಥವಾದದ್ದು ಅದನ್ನು ಓದಿದ ಪಕ್ಕದ ಹಾಸಿಗೆಯವರ ಸಂಬಂಧಿಕನೊಬ್ಬ ಹೇಳಿದ ಒಂದೇ ಸಾಲು: ‘ಲಕ್ವ ಹೊಡೆಯಬಹುದು ಅಂತ ಬರೆದಿದ್ದಾರೆ ಕಣಮ್ಮ.’ ಅಷ್ಟು ಸಾಕಾಯಿತು. ಊರಿನಿಂದ ಬಂದಿದ್ದ ಬಂಧುಗಳಲ್ಲಿ ಒಬ್ಬರಿಗೆ, ಬೆನ್ನಿಗೆ ಕತ್ತಿ ತಾಗಿಸಿಕೊಂಡು ಹಾಸಿಗೆ ಹಿಡಿದವರೊಬ್ಬರ ಕಥೆ ಗೊತ್ತಿತ್ತು. ಇನ್ನೊಬ್ಬರಿಗೆ ಎಣ್ಣೆ ಹಾಕಿ ಮೂಳೆ ಕಟ್ಟುವವರ ವಿಳಾಸ ಗೊತ್ತಿತ್ತು. ಮೂರು ದಶಕ ಮಕ್ಕಳಿಗೆ ಅಸ್ಥಿಪಂಜರದ ಚಿತ್ರ ಬರೆಸಿದ ನಾನು, ಎಲ್ಲರ ನಡುವೆ ನಿಂತು, “ಒಂದೆರಡು ದಿನ ನೋಡೋಣ” ಎಂದೆ.

ಹಾಸಿಗೆ ಹಿಡಿದವರ ಕಥೆಗಳು ಸುಳ್ಳಲ್ಲ. ಆದರೆ ಅವುಗಳಲ್ಲಿ ಕಾರಣ ಮತ್ತು ಚಿಕಿತ್ಸೆ ಅದಲುಬದಲಾಗಿವೆ. ಬಿದ್ದ ಗಳಿಗೆಯಲ್ಲಿಯೇ ಬೆನ್ನುಹುರಿ ಪೂರ್ತಿ ಜಜ್ಜಿಹೋದವರಿಗೂ ಸ್ಕ್ರೂ ಹಾಕುತ್ತಾರೆ. ಕಾಲು ಮರಳಿ ಬರುತ್ತದೆಂಬ ಭರವಸೆಯಿಂದಲ್ಲ, ಅವರನ್ನು ಬೇಗ ಎಬ್ಬಿಸಿ ಕೂರಿಸಲು, ಗಾಲಿಕುರ್ಚಿಗೆ ಇಳಿಸಲು, ಹಾಸಿಗೆಹುಣ್ಣು ಮತ್ತು ಶ್ವಾಸಕೋಶದ ಸೋಂಕಿನಿಂದ ಕಾಪಾಡಲು. ಅಂಥವರು ಆಪರೇಷನ್ ಆದ ಮೇಲೂ ನಡೆಯದಿದ್ದರೆ ಊರು ನೆನಪಿಟ್ಟುಕೊಳ್ಳುವುದು ಸ್ಕ್ರೂವನ್ನು, ಬಿದ್ದದ್ದನ್ನಲ್ಲ. ಹಾಗೆಂದು ಶಸ್ತ್ರಚಿಕಿತ್ಸೆಯಲ್ಲಿ ಅಪಾಯವೇ ಇಲ್ಲವೆಂದೂ ನಾನು ಹೇಳುತ್ತಿಲ್ಲ. ಸ್ಕ್ರೂ ದಾರಿ ತಪ್ಪಿ ನರಕ್ಕೆ ತಾಗಬಹುದು, ನರದ ಹೊದಿಕೆ ಹರಿಯಬಹುದು, ಸೋಂಕು ತಗಲಬಹುದು, ಮೂಳೆ ಕೂಡದಿದ್ದರೆ ಸ್ಕ್ರೂ ಸಡಿಲವಾಗಬಹುದು ಅಥವಾ ಮುರಿಯಬಹುದು. ಇವನ್ನೆಲ್ಲ ರೋಗಿಯ ಕಡೆಯವರಿಗೆ ಅವರ ಭಾಷೆಯಲ್ಲಿ, ಆಪರೇಷನ್ ಮಾಡಿಸದಿದ್ದರೆ ಆಗುವ ಅಪಾಯದ ಪಕ್ಕದಲ್ಲಿಟ್ಟು ಹೇಳಬೇಕು. ‘ಲಕ್ವ’ ಎಂಬ ಒಂದೇ ಪದವನ್ನು ಕತ್ತಲಲ್ಲಿ ಕೈಗೆ ಕೊಟ್ಟರೆ ಜನ ಓಡಿಹೋಗದೆ ಇನ್ನೇನು ಮಾಡಿಯಾರು?

ಮಾರನೆಯ ದಿನ ರಾತ್ರಿ ಪಾಳಿಗೆ ಬಂದ ವೈದ್ಯರೊಬ್ಬರು, ಮಗನ ವಯಸ್ಸಿನವರು, ನನ್ನನ್ನು ಕೋಣೆಗೆ ಕರೆದು ಮೇಜಿನ ಖಾನೆಯಿಂದ ಒಂದು ಸ್ಕ್ರೂ ತೆಗೆದು ಅಂಗೈಯಲ್ಲಿಟ್ಟರು. ನೇಗಿಲ ಬೋಲ್ಟಿನಷ್ಟು ಭಾರ ಇರುತ್ತದೆಂದುಕೊಂಡಿದ್ದೆ. ಟೈಟಾನಿಯಂ ಮಿಶ್ರಲೋಹದ್ದಾದ್ದರಿಂದ ಹಗುರವಾಗಿತ್ತು. ಆರೂವರೆ ಮಿಲಿಮೀಟರ್ ದಪ್ಪ, ನಾಲ್ಕೂವರೆ ಸೆಂಟಿಮೀಟರ್ ಉದ್ದ. ತಲೆ ಬಿರಿದ ಮೊಗ್ಗಿನಂತೆ ಸೀಳಿಕೊಂಡಿದ್ದು, ಬೆರಳಿನಿಂದ ತಳ್ಳಿದರೆ ಅತ್ತಿತ್ತ ವಾಲುತ್ತಿತ್ತು. ಆ ಸೀಳಿನಲ್ಲಿ ರಾಡ್ ಕೂರಿಸಿ ಮೇಲಿಂದ ನಟ್ ಬಿಗಿಯುತ್ತಾರೆ. ಪ್ರತಿ ಮಣಿಯಲ್ಲಿ ಮುಂದಿನ ದಪ್ಪ ದಿಂಡಿಗೂ ಹಿಂದಿನ ಬಳೆಗೂ ನಡುವೆ ಎಡಬಲಕ್ಕೆ ಒಂದೊಂದು ಗಿಡ್ಡ ಮೂಳೆಸೇತುವೆ ಇದೆ. ಅದರ ಹೆಸರು ಪೆಡಿಕಲ್, ಆದ್ದರಿಂದಲೇ ಇದು ಪೆಡಿಕಲ್ ಸ್ಕ್ರೂ. ಸೊಂಟದ ಮೇಲ್ಭಾಗದಲ್ಲಿ ಆ ಸೇತುವೆ ಕಿರುಬೆರಳಿಗಿಂತ ಸಣ್ಣದು, ಎದೆಯ ನಡುಭಾಗದಲ್ಲಿ ಇನ್ನೂ ಸಣ್ಣದು; ಒಳಮಗ್ಗುಲಿಗೆ ನರದ ಕೊಳವೆ ಅಂಟಿಕೊಂಡೇ ಇರುತ್ತದೆ. ರೋಗಿಯನ್ನು ಬೋರಲು ಮಲಗಿಸಿ, ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದ ಪರದೆ ನೋಡುತ್ತಾ, ಮೊದಲು ಮೂಳೆಯಲ್ಲಿ ಸಣ್ಣ ದಾರಿ ಕೊರೆದು, ತುದಿಗುಂಡಿನ ತಂತಿಯೊಂದನ್ನು ಇಳಿಸಿ ನಾಲ್ಕೂ ಗೋಡೆ ಮತ್ತು ತಳ ಗಟ್ಟಿಯಾಗಿವೆಯೇ ಎಂದು ತಡವಿ ನೋಡಿ, ಆಮೇಲೆ ಸ್ಕ್ರೂ ತಿರುಗಿಸುತ್ತಾರೆ. ಮುರಿದ ಮಣಿಯ ಮೇಲಿನದಕ್ಕೆ ಎರಡು, ಕೆಳಗಿನದಕ್ಕೆ ಎರಡು, ಬೇಕಾದರೆ ಮುರಿದದ್ದಕ್ಕೇ ಎರಡು. ಮುರಿತ ಹೆಚ್ಚು ಅಸ್ಥಿರವಾಗಿದ್ದರೆ ಇನ್ನೂ ಒಂದು ಮಣಿಯಷ್ಟು ಆಚೆಗೂ ಈಚೆಗೂ. ರಾಡನ್ನು ಹಿಡಿದು ಮಣಿಗಳ ನಡುವೆ ಅಂತರ ಹಿಗ್ಗಿಸಿದಾಗ ಹಿಂಬದಿಯ ಉದ್ದ ಪಟ್ಟಿಯಂಥ ಅಸ್ಥಿರಜ್ಜು (ಮೂಳೆಗೆ ಮೂಳೆ ಕಟ್ಟಿಹಿಡಿಯುವ ಲಿಗಮೆಂಟ್) ಬಿಗಿದುಕೊಂಡು, ಕೊಳವೆಯೊಳಕ್ಕೆ ನುಗ್ಗಿದ ಚೂರನ್ನು ಎಷ್ಟೋ ವೇಳೆ ತಾನೇ ಮುಂದಕ್ಕೆ ದೂಡುತ್ತದೆ. ಅದು ಸಾಲದಿದ್ದರೆ ಹಿಂದಿನ ಬಳೆಯ ಭಾಗ ತೆಗೆದು ನರಕ್ಕೆ ಜಾಗ ಮಾಡುತ್ತಾರೆ.

“ಮೇಷ್ಟ್ರೇ, ಗೋಡೆ ಕೆಡವಿ ಕಟ್ಟುವಾಗ ತೊಲೆಗೆ ಆನಿಕೆ ಕೊಡುತ್ತೀರಲ್ಲ, ಇದು ಅಷ್ಟೇ. ಗೋಡೆ ಕಟ್ಟುವುದು ಇದಲ್ಲ, ಮೂಳೆ ತಾನೇ ಕಟ್ಟಿಕೊಳ್ಳಬೇಕು,” ಎಂದರು ಆ ವೈದ್ಯರು. ಮೂಳೆ ಕೂಡುವುದಕ್ಕೆ ಮೊದಲೇ ಆನಿಕೆ ದಣಿದರೆ ಲೋಹವಾದರೂ ಮುರಿಯುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಹನ್ನೊಂದು ಗಂಟೆಗೆ ತಂಗಿ ಹೆಬ್ಬೆಟ್ಟು ಒತ್ತಿದಳು.

ಈ ಆನಿಕೆ ಇಲ್ಲದ ಕಾಲದಲ್ಲಿ ಏನಾಗುತ್ತಿತ್ತು ಎಂಬುದನ್ನು ಆಮೇಲೆ ಓದಿ ತಿಳಿದೆ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್‌ನಲ್ಲಿ ಬೆನ್ನುಹುರಿ ಗಾಯಾಳುಗಳ ಘಟಕ ಆರಂಭಿಸಿದ ಲುಡ್ವಿಗ್ ಗುಟ್ಮನ್, ರೋಗಿಗಳನ್ನು ವಾರಗಟ್ಟಲೆ ಮಲಗಿಸಿ ಹಗಲಿರುಳೂ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಶಿಸ್ತಿನಿಂದಲೇ ಅಸಂಖ್ಯ ಜೀವ ಉಳಿಸಿದರು. ಅಷ್ಟು ಕೈಗಳು ನಮ್ಮ ಯಾವ ವಾರ್ಡಿನಲ್ಲಿವೆ? ಅಮೆರಿಕದ ಪಾಲ್ ಹ್ಯಾರಿಂಗ್ಟನ್ ಅವರ ಕೊಕ್ಕೆ ಮತ್ತು ರಾಡ್ ಆಮೇಲೆ ಬಂದವು. ಫ್ರಾನ್ಸಿನ ರೇಮಂಡ್ ರಾಯ್-ಕಮೀಲ್ 1963ರಿಂದ ಪೆಡಿಕಲ್ ಮೂಲಕ ಸ್ಕ್ರೂ ಹಾಕಲು ತೊಡಗಿದರು. ಅಂದರೆ ನಮ್ಮೂರಿನಲ್ಲಿ ‘ಈಗ ಹೊಸದಾಗಿ ಶುರುವಾಗಿರೋದು’ ಎಂದು ಹೆದರಿಸುವ ಈ ವಿಧಾನಕ್ಕೆ ಅರವತ್ತು ವರ್ಷ ದಾಟಿದೆ.

ಇಷ್ಟು ಹೇಳಿದ ಮೇಲೆ, ಬೆನ್ನುಮೂಳೆ ಮುರಿದವರೆಲ್ಲ ಸ್ಕ್ರೂ ಹಾಕಿಸಿಕೊಳ್ಳಬೇಕೆಂದು ಯಾರಾದರೂ ತಿಳಿದರೆ ಈ ಪತ್ರ ಬರೆದದ್ದೇ ತಪ್ಪಾದೀತು. ನಮ್ಮ ಬೀದಿಯ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬಚ್ಚಲಲ್ಲಿ ಜಾರಿ ಕುಳಿತು ಒಂದು ಮಣಿ ಜಜ್ಜಿಸಿಕೊಂಡರು. ಕಾಲಿನ ಬಲ ಸರಿಯಾಗಿತ್ತು, ಮೂತ್ರದ ತೊಂದರೆ ಇರಲಿಲ್ಲ. ಹೆಸರು ಬೇಡ, ಒಂದು ಖಾಸಗಿ ಆಸ್ಪತ್ರೆಯಲ್ಲಿ ಅಂದೇ ಎಂಟು ಸ್ಕ್ರೂಗಳ ಅಂದಾಜು ಪಟ್ಟಿ ಕೊಟ್ಟರು. ಮಗ ಇನ್ನೊಬ್ಬ ತಜ್ಞರಿಗೆ ತೋರಿಸಿದಾಗ ಅವರು ಬೆಲ್ಟ್, ನೋವಿನ ಮಾತ್ರೆ, ಮೂಳೆ ಸವೆತಕ್ಕೆ ಔಷಧಿ ಬರೆದು, ಮನೆಯೊಳಗೆ ಓಡಾಡುತ್ತಿರಲು ಹೇಳಿ ಕಳುಹಿಸಿದರು; ಮೂರು ತಿಂಗಳಿಗೆ ಅಜ್ಜಿ ರಾಗಿ ಕೇರುತ್ತಿದ್ದರು. ಸವೆದ ಮೂಳೆಯಲ್ಲಿ ಸ್ಕ್ರೂ ಹಿಡಿತ ಸಿಗುವುದು ಉದುರುವ ಮಣ್ಣಿನ ಗೋಡೆಗೆ ಮೊಳೆ ಹೊಡೆದಷ್ಟೇ ಕಷ್ಟ. ಅನಿವಾರ್ಯವಾದಾಗ ಮೂಳೆಯೊಳಗೆ ಸಿಮೆಂಟ್ ತುಂಬಿ ಹಾಕುತ್ತಾರೆ. ವಯಸ್ಸಾದವರ ಮಣಿ ಸಣ್ಣ ಪೆಟ್ಟಿಗೇ ಕುಸಿದಿದ್ದು, ಜೊತೆಗೆ ಜ್ವರ, ತೂಕ ಇಳಿಕೆ, ರಾತ್ರಿ ನೋವು ಇದ್ದರೆ ಕ್ಷಯ ಅಥವಾ ಗಡ್ಡೆ ಇರಬಹುದೇ ಎಂದೂ ನೋಡಬೇಕು.

ಪ್ರಾಯದವರಲ್ಲಿಯೂ ಅಷ್ಟೆ. ಮಣಿ ಒಡೆದಿದ್ದರೂ ನರಕ್ಕೆ ಏನೂ ಆಗದೆ, ಬೆನ್ನು ಸ್ಥಿರವಾಗಿದ್ದ ರೋಗಿಗಳನ್ನು ಆಪರೇಷನ್ ಆದವರು, ಆಗದವರು ಎಂದು ಎರಡು ಗುಂಪು ಮಾಡಿ ನೋಡಿದ ಅಮೆರಿಕದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. 47 ಮಂದಿಯ ಆ ಚಿಕ್ಕ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಿಂದ ವಿಶೇಷ ಲಾಭವೇನೂ ಕಾಣಲಿಲ್ಲ. ಅದೇ ರೋಗಿಗಳನ್ನು ಹದಿನಾರರಿಂದ ಇಪ್ಪತ್ತೆರಡು ವರ್ಷಗಳ ಬಳಿಕ ಮತ್ತೆ ನೋಡಿದಾಗ, ಆಪರೇಷನ್ ಆಗದವರಿಗೇ ನೋವು ಕಡಿಮೆಯಿತ್ತು. ಹಾಗಾದರೆ ಯಾರಿಗೆ ಬೇಕು? 2005ರಿಂದ ಬಳಕೆಯಲ್ಲಿರುವ ಒಂದು ಅಂಕ ಪದ್ಧತಿ ಮೂರು ಸಂಗತಿಗಳನ್ನು ಅಳೆಯುತ್ತದೆ: ಮೂಳೆ ಮುರಿದ ರೀತಿ, ನರದ ಸ್ಥಿತಿ, ಮತ್ತು ಮಣಿಗಳನ್ನು ಹಿಂದಿನಿಂದ ಕಟ್ಟಿಹಿಡಿದಿರುವ ಅಸ್ಥಿರಜ್ಜುಗಳು ಹರಿದಿವೆಯೇ ಎಂಬುದು. ಒಟ್ಟು ಮೂರು ಅಥವಾ ಅದಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಡ, ಐದು ಅಥವಾ ಹೆಚ್ಚಾದರೆ ಬೇಕು, ನಾಲ್ಕಾದರೆ ವೈದ್ಯರ ವಿವೇಚನೆ. ಈ ಮೂರನೆಯ ಸಂಗತಿಯನ್ನು ನಮ್ಮ ಜನರಿಗೆ ಯಾರೂ ಹೇಳುವುದಿಲ್ಲ. ಪಕ್ಕದ ಊರಿನ ಯುವಕನ ತಂದೆ ನನ್ನನ್ನು ಕೇಳಿದ್ದೂ ಇದನ್ನೇ: “ಕಾಲು ಆಡ್ತಾ ಐತಲ್ಲ ಮೇಷ್ಟ್ರೇ, ಆಪರೇಷನ್ ಯಾಕೆ?” ಅವನ ಎಂ.ಆರ್.ಐ. ವರದಿಯಲ್ಲಿ ಹಿಂದಿನ ಅಸ್ಥಿರಜ್ಜುಗಳು ಹರಿದಿವೆ ಎಂದಿದೆ. ಕಾಲು ಇಂದು ಆಡುತ್ತಿದೆ. ಕಟ್ಟು ಬಿಚ್ಚಿದ ಸೌದೆ ಹೊರೆಯಂತಾದ ಬೆನ್ನು ಎದ್ದು ಕುಳಿತ ದಿನ ಎತ್ತ ವಾಲುತ್ತದೋ ಹೇಳಲಾಗದು. ಅವನಿಗೆ ಆಪರೇಷನ್ ಸೂಚಿಸಿರುವುದು ಆಡುವ ಕಾಲನ್ನು ಹಾಗೆಯೇ ಉಳಿಸಿಕೊಳ್ಳಲು.

ನನ್ನ ಸೋದರಳಿಯನನ್ನು ಆಪರೇಷನ್ ಆದ ಮೂರನೆಯ ದಿನ ಬೆಲ್ಟ್ ಕಟ್ಟಿ ಕೂರಿಸಿದರು. ಕ್ಯಾತಿಟರ್ ತೆಗೆಯಲು ಏಳು ವಾರ ಬೇಕಾಯಿತು. ವಾಕರ್ ಹಿಡಿದು, ಆಮೇಲೆ ಕೋಲು ಹಿಡಿದು, ಈಗ ಬರಿಗಾಲಲ್ಲಿ ತೋಟಕ್ಕೆ ಹೋಗುತ್ತಾನೆ. ಬಲಪಾದ ಮಾತ್ರ ಪೂರ್ತಿ ಮೇಲೇಳುವುದಿಲ್ಲ. ಚಪ್ಪಲಿ ಹಾಕಿದರೆ ತುದಿ ನೆಲಕ್ಕೆ ಉಜ್ಜುತ್ತದೆ. ನರಕ್ಕೆ ಪೆಟ್ಟಾದವರಲ್ಲಿ ಒತ್ತಡವನ್ನು 24 ಗಂಟೆಯೊಳಗೆ ತೆಗೆದರೆ ಚೇತರಿಕೆ ಹೆಚ್ಚು ಎಂದು, ಕುತ್ತಿಗೆಯ ಗಾಯಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ. ನಾವು ಹಾಳುಮಾಡಿದ ಒಂದೂವರೆ ದಿನವೇ ಆ ಪಾದವನ್ನು ತಿಂದಿತೇ ಎಂದು ಆ ವೈದ್ಯರನ್ನು ಎರಡು ಸಲ ಕೇಳಿದೆ. ಎರಡು ಸಲವೂ ಅವರು ಉತ್ತರಿಸದೆ ವ್ಯಾಯಾಮದ ಬಗ್ಗೆ ಮಾತಾಡಿದರು.

ಜಿಲ್ಲಾಡಳಿತ ಮತ್ತು ಆರೋಗ್ಯ ಇಲಾಖೆಯಲ್ಲಿ ನನ್ನ ವಿನಂತಿಗಳು ದೊಡ್ಡವಲ್ಲ. ತಿಪಟೂರು, ತುರುವೇಕೆರೆ, ಗುಬ್ಬಿ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ, ಶಿರಾ, ಮಧುಗಿರಿ, ಪಾವಗಡದ ಹುಣಸೆ ಸೀಮೆಯಲ್ಲಿ ಮರ ಹತ್ತದ ಊರಿಲ್ಲ, ಹಾಲಿನ ಡೇರಿ ಇಲ್ಲದ ಊರೂ ಕಡಿಮೆ. ಪ್ರತಿ ಡೇರಿಯಲ್ಲಿ ಆರಡಿ ಉದ್ದ, ಒಂದೂವರೆ ಅಡಿ ಅಗಲದ ಒಂದು ಗಟ್ಟಿ ಹಲಗೆ, ಕಟ್ಟಲು ನಾಲ್ಕು ಪಟ್ಟಿ ಇರಲಿ. ಬಿದ್ದವನನ್ನು ಎತ್ತಬಾರದು, ಕೂರಿಸಬಾರದು, ನೀರು ಕುಡಿಸಬಾರದು. 108ಕ್ಕೆ ಕರೆಮಾಡಿ ಕಾಯಬೇಕು. ಸರಿಸಲೇಬೇಕಾದರೆ ಒಬ್ಬರು ತಲೆ ಮತ್ತು ಕುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಉಳಿದ ಮೂವರು ಭುಜ, ಸೊಂಟ, ಮಂಡಿಯ ಬಳಿ ಕೈಯಿಟ್ಟು, ಒಂದೇ ಎಣಿಕೆಗೆ ಮರದ ದಿಮ್ಮಿ ಉರುಳಿಸಿದಂತೆ ಮಗ್ಗುಲಿಗೆ ತಿರುಗಿಸಿ ಹಲಗೆ ತಳ್ಳಿ ಮತ್ತೆ ಅದರ ಮೇಲೆ ಉರುಳಿಸಬೇಕು. ಇದನ್ನು ಕಲಿಸಲು ಅರ್ಧ ಗಂಟೆ ಸಾಕು. ಆಶಾ ಕಾರ್ಯಕರ್ತೆಯರು ಕಲಿತರೆ ಊರು ಕಲಿಯುತ್ತದೆ.

ಎರಡನೆಯದು ಒಪ್ಪಿಗೆ ಪತ್ರದ ಮಾತು. ಚಿಕಿತ್ಸೆಯ ಸ್ವರೂಪ, ಅದರ ಅಪಾಯ, ಬದಲಿ ಮಾರ್ಗ, ಚಿಕಿತ್ಸೆ ಪಡೆಯದಿದ್ದರೆ ಆಗುವ ಪರಿಣಾಮ ಇವನ್ನು ರೋಗಿಗೆ ತಿಳಿಸಿ ಪಡೆದದ್ದು ಮಾತ್ರ ಒಪ್ಪಿಗೆ ಎಂದು ಸುಪ್ರೀಂ ಕೋರ್ಟ್ 2008ರಲ್ಲಿಯೇ ಹೇಳಿದೆ. ತುಮಕೂರಿನಲ್ಲಿ ಇಂಗ್ಲಿಷ್ ಕಾಗದದ ಮೇಲೆ ಒತ್ತಿಸಿಕೊಂಡ ಹೆಬ್ಬೆಟ್ಟು ಯಾವ ತಿಳಿವಳಿಕೆಗೆ ಸಾಕ್ಷಿ? ಕನ್ನಡದಲ್ಲಿ ಎರಡು ಪುಟ, ಒಂದು ಚಿತ್ರ ಇದ್ದರೆ ಸಾಕು. ಬಿಡುಗಡೆಯ ದಿನ ಹಾಕಿದ ಸ್ಕ್ರೂಗಳ ಕಂಪನಿ, ಅಳತೆ, ಬ್ಯಾಚ್ ಸಂಖ್ಯೆಯಿರುವ ಚೀಟಿಯನ್ನೂ ಕೊಡಬೇಕು; ಮುಂದೆ ಎಂ.ಆರ್.ಐ. ಮಾಡಿಸುವಾಗಲೋ ಸ್ಕ್ರೂ ತೆಗೆಸುವಾಗಲೋ ಅದು ಬೇಕಾಗುತ್ತದೆ. ಓದುಗರಲ್ಲಿ ಒಂದು ಕೋರಿಕೆ: ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ ಇದೆ. ಇಂಪ್ಲಾಂಟಿನ, ಅಂದರೆ ಸ್ಕ್ರೂ ಮತ್ತು ರಾಡಿನ, ಖರ್ಚು ಅದರಲ್ಲಿ ಸೇರುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಸೇರಿದ ದಿನವೇ ಕೇಳಿ. ತೋಟ ಅಡವಿಡುವುದು ಆಮೇಲಿನ ಮಾತು.

ಪಕ್ಕದ ಊರಿನ ಯುವಕ ಸದ್ಯ ಮಂಚದ ಮೇಲೆ ಅಂಗಾತ ಮಲಗಿದ್ದಾನೆ. ಕಾಲಿನಲ್ಲಿ ಬಲವಿದೆ. ಎದ್ದು ಕೂರಿಸಬೇಡಿ ಎಂದು ಹೇಳಿ ಬಂದಿದ್ದೇನೆ. ನನ್ನ ಸೋದರಳಿಯ ತಾನೇ ಹೋಗಿ ಅಂಗಿ ಎತ್ತಿ ಬೆನ್ನಿನ ಗೆರೆ ತೋರಿಸಿದ ಮೇಲೆ, ಸೋಮವಾರ ಮತ್ತೆ ಆಸ್ಪತ್ರೆಗೆ ಕರೆದೊಯ್ಯಲು ಅವನ ತಂದೆ ಒಪ್ಪಿದ್ದಾರೆ. ಹಲಗೆ ನಮ್ಮ ಮನೆಯಿಂದ ಹೋಗುತ್ತಿದೆ.

ಇಂತಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ,
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ